ನ್ಯಾಯಾಧೀಶರು ಬರೆಯದ ಶಿಕ್ಷೆ

ಇವತ್ತಿನ ಮಾತನ್ನು ಒಂದು ಅರ್ಜಿ ಫಾರಂನಿಂದ ಶುರು ಮಾಡುತ್ತೇನೆ. ಅಮೆರಿಕದಲ್ಲಿ ಕಾಲೇಜು ಸೇರುವ ಬಡ ಮತ್ತು ಮಧ್ಯಮ ವರ್ಗದ ಮಕ್ಕಳಿಗೆ ಅಲ್ಲಿನ ಕೇಂದ್ರ ಸರ್ಕಾರದ ಧನಸಹಾಯ ಬೇಕೆಂದರೆ ಒಂದು ಫಾರಂ ತುಂಬಬೇಕು. ಅದನ್ನು ಅಲ್ಲಿಯವರು 'ಫಾಫ್ಸಾ' ಅನ್ನುತ್ತಾರೆ. ಅಪ್ಪ ಅಮ್ಮನ ಆದಾಯ ಎಷ್ಟು, ಕಟ್ಟಿದ ತೆರಿಗೆ ಎಷ್ಟು, ಮನೆಯಲ್ಲಿ ಎಷ್ಟು ಜನ, ಅವರಲ್ಲಿ ಕಾಲೇಜಿಗೆ ಹೋಗುವವರು ಎಷ್ಟು ಮಂದಿ, ಹೀಗೆ ಪ್ರಶ್ನೆಗಳ ಸಾಲು. ನಮ್ಮ ವಿದ್ಯಾರ್ಥಿವೇತನದ ಅರ್ಜಿಗೆ ತಾಲ್ಲೂಕು ಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದು ಲಗತ್ತಿಸುತ್ತೇವಲ್ಲ, ಬಹುಮಟ್ಟಿಗೆ ಅದೇ ಉದ್ದೇಶದ ಪ್ರಶ್ನೆಗಳು. 2000ನೇ ಇಸವಿಯ ಹೊತ್ತಿಗೆ ಈ ಸಾಲಿನ ನಡುವೆ ಇನ್ನೊಂದು ಪ್ರಶ್ನೆ ಬಂದು ಕೂತಿತು: ಮಾದಕ ವಸ್ತುವಿನ ಅಪರಾಧದಲ್ಲಿ ನಿಮಗೆ ಶಿಕ್ಷೆಯಾಗಿದೆಯೇ? ಹೌದು ಎಂದರೆ ಲೆಕ್ಕ ಹೀಗೆ. ವಸ್ತುವನ್ನು ಇಟ್ಟುಕೊಂಡಿದ್ದ ಮೊದಲ ಅಪರಾಧಕ್ಕೆ ಒಂದು ವರ್ಷ ಧನಸಹಾಯ ಇಲ್ಲ, ಎರಡನೆಯದಕ್ಕೆ ಎರಡು ವರ್ಷ ಇಲ್ಲ, ಮೂರನೆಯದಾದರೆ ಅನಿರ್ದಿಷ್ಟ ಕಾಲ ಇಲ್ಲ. ಮಾರಿ ಸಿಕ್ಕಿಬಿದ್ದವನಿಗೆ ಮೊದಲ ಸಲಕ್ಕೇ ಎರಡು ವರ್ಷ, ಎರಡನೇ ಸಲಕ್ಕೆ ಅನಿರ್ದಿಷ್ಟ ಕಾಲ. ವ್ಯಸನಮುಕ್ತಿ ಕಾರ್ಯಕ್ರಮ ಮುಗಿಸಿ ಬಂದರೆ ವಿನಾಯಿತಿ ಇತ್ತು. ಆದರೆ ಕಾಲೇಜು ಫೀಸಿಗೇ ದುಡ್ಡಿಲ್ಲದವನು ಆ ಕಾರ್ಯಕ್ರಮದ ಖರ್ಚನ್ನು ಎಲ್ಲಿಂದ ತರಬೇಕಿತ್ತು? ಇನ್ನೊಂದು ವಿಚಿತ್ರವನ್ನೂ ಗಮನಿಸಿ. ದರೋಡೆ ಮಾಡಿ ಶಿಕ್ಷೆ ಮುಗಿಸಿ ಬಂದವನಿಗೆ ಈ ಪ್ರಶ್ನೆಯೇ ಇರಲಿಲ್ಲ. ಜೇಬಿನಲ್ಲಿ ಗಾಂಜಾ ಇದ್ದ ಹುಡುಗನಿಗೆ ಇತ್ತು.

ಆ ಹುಡುಗನ ಮೊಕದ್ದಮೆ ನಡೆಸಿದ ನ್ಯಾಯಾಧೀಶರು ದಂಡ ಹಾಕಿರಬಹುದು, ಕೆಲವು ತಿಂಗಳ ಸಜೆ ಕೊಟ್ಟಿರಬಹುದು, ಎಚ್ಚರಿಕೆ ಹೇಳಿ ನಿಗಾದಲ್ಲಿ ಬಿಟ್ಟಿರಬಹುದು. ಇವನು ಒಂದು ವರ್ಷ ಓದಬಾರದು ಎಂದು ಅವರು ತೀರ್ಪಿನಲ್ಲಿ ಬರೆದಿರಲಿಲ್ಲ. ಫಾರಂ ಅದನ್ನು ಬರೆಯಿತು. ಅದೂ ಬಡವನಿಗೆ ಮಾತ್ರ ಬರೆಯಿತು. ಅಪ್ಪನ ದುಡ್ಡಿನಲ್ಲಿ ಓದುವ ಹುಡುಗ ಅದೇ ತಪ್ಪಿಗೆ ಸಿಕ್ಕಿಬಿದ್ದಿದ್ದರೆ ಸರ್ಕಾರದ ಹಣ ಅವನಿಗೆ ಬೇಕಿರಲಿಲ್ಲ, ಹಾಗಾಗಿ ಅವನ ಓದು ಒಂದು ದಿನವೂ ನಿಲ್ಲುತ್ತಿರಲಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಅಪರಾಧಕ್ಕೆ ಎಷ್ಟು ಶಿಕ್ಷೆ ಎಂದು ಅಳೆದು ಕೊಡುವುದಕ್ಕೆ ನ್ಯಾಯಾಲಯ ಇದೆ. ಅದು ಅಳೆದು ಕೊಟ್ಟದ್ದು ಮುಗಿದ ಮೇಲೂ, ಕೆಲವೊಮ್ಮೆ ಮುಗಿಯುವ ಮುಂಚೆಯೂ, ಓದಿನ ಹಣವನ್ನು ಕಿತ್ತುಕೊಳ್ಳುವುದು ಯಾರೂ ವಿಚಾರಣೆ ನಡೆಸದೆ ಕೊಟ್ಟ ಎರಡನೇ ಶಿಕ್ಷೆ. ಆ ಶಿಕ್ಷೆಯಿಂದ ಯಾರಿಗೂ ಲಾಭವಾಗಿಲ್ಲ ಎನ್ನುವುದಕ್ಕೆ ಅಮೆರಿಕದ ಮೂವತ್ತು ವರ್ಷಗಳ ಅನುಭವ ಕಣ್ಣ ಮುಂದಿದೆ.

ಆ ಅನುಭವದ ಮೂಲ 1972ರಲ್ಲಿದೆ. ಆ ವರ್ಷ ಅಮೆರಿಕದ ಸಂಸತ್ತು ಬಡ ವಿದ್ಯಾರ್ಥಿಗಳಿಗೆ ಮರುಪಾವತಿ ಇಲ್ಲದ ಒಂದು ಧನಸಹಾಯವನ್ನು ಜಾರಿಗೆ ತಂದಿತು. ಅದಕ್ಕಾಗಿ ದುಡಿದ ರೋಡ್ ಐಲೆಂಡ್ ರಾಜ್ಯದ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರನ್ನು 1980ರಲ್ಲಿ ಅದಕ್ಕೆ ಇಟ್ಟರು. ಪೆಲ್ ಗ್ರಾಂಟ್ ಎಂದರೆ ಇವತ್ತು ಅಲ್ಲಿ ಎಲ್ಲರಿಗೂ ಗೊತ್ತು. ಅರ್ಹತೆಯ ಅಳತೆಗೋಲು ಮುಖ್ಯವಾಗಿ ಒಂದೇ, ಬಡತನ. ಕೈದಿಗೆ ಆದಾಯವಿಲ್ಲ, ಆದ್ದರಿಂದ ಜೈಲಿನೊಳಗೆ ಕುಳಿತು ಕಾಲೇಜು ಶಿಕ್ಷಣ ಪಡೆಯುವವನೂ ಅರ್ಹನಾದ. ಹತ್ತಿರದ ಕಾಲೇಜುಗಳ ಅಧ್ಯಾಪಕರು ವಾರಕ್ಕೆ ಎರಡು ಮೂರು ದಿನ ಜೈಲಿಗೆ ಬಂದು ಪಾಠ ಹೇಳುವ ಪದ್ಧತಿ ಬೆಳೆಯಿತು. ಇಪ್ಪತ್ತು ವರ್ಷ ಅದು ಹೆಚ್ಚು ಸದ್ದಿಲ್ಲದೆ ನಡೆಯಿತು. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಅಪರಾಧದ ಭೀತಿ ಚುನಾವಣೆಯ ವಿಷಯವಾಯಿತು. ಎರಡೂ ಪಕ್ಷಗಳಲ್ಲಿ ಯಾರು ಹೆಚ್ಚು ಕಠಿಣ ಎನ್ನುವ ಪೈಪೋಟಿ ಹತ್ತಿಕೊಂಡಿತು. ಟೆಕ್ಸಾಸಿನ ಸೆನೆಟರ್ ಕೇ ಬೇಲಿ ಹಚಿಸನ್ ಕೈದಿಗಳಿಗೆ ಪೆಲ್ ಗ್ರಾಂಟ್ ನಿಲ್ಲಿಸಬೇಕು ಎಂಬ ತಿದ್ದುಪಡಿ ತಂದರು. ಸ್ವತಃ ಪೆಲ್ ಅದನ್ನು ವಿರೋಧಿಸಿದರು, ಪ್ರಯೋಜನವಾಗಲಿಲ್ಲ. 1994ರ ಸೆಪ್ಟೆಂಬರ್ 13ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಮಾಡಿದ ದೊಡ್ಡ ಅಪರಾಧ ನಿಯಂತ್ರಣ ಕಾಯ್ದೆಯೊಳಗೆ ಆ ತಿದ್ದುಪಡಿಯೂ ಸೇರಿಹೋಯಿತು.

ಅವತ್ತು ಮುಂದಿಟ್ಟ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಅದು ನಮ್ಮ ಊರಿನ ಹೋಟೆಲಿನಲ್ಲೂ, ಬಸ್ಸಿನಲ್ಲೂ ಇವತ್ತಿಗೂ ಕೇಳಿಬರುವ ವಾದವೇ. ನ್ಯಾಯವಾಗಿ ದುಡಿದು ತೆರಿಗೆ ಕಟ್ಟುವವರ ಮಕ್ಕಳು ಫೀಸಿಗೆ ಸಾಲ ಮಾಡುತ್ತಿದ್ದಾರೆ, ಕಳ್ಳನಿಗೆ ಕೊಲೆಗಾರನಿಗೆ ಪುಕ್ಕಟೆ ಡಿಗ್ರಿಯೇ? ಈ ಮಾತಿನ ಹಿಂದಿರುವ ನೋವು ನಿಜ. ಆದರೆ ಅದರೊಳಗೆ ಒಂದು ಲೆಕ್ಕ ಅಡಗಿದೆ: ಕೈದಿಗೆ ಕೊಟ್ಟದ್ದು ಬಡ ವಿದ್ಯಾರ್ಥಿಯ ಬಾಯಿಂದ ಕಿತ್ತದ್ದು ಎನ್ನುವ ಲೆಕ್ಕ. ಅದು ಸರಿಯೇ ಎಂದು ಅಮೆರಿಕ ಸಂಸತ್ತಿನ ಲೆಕ್ಕಪತ್ರ ಕಚೇರಿ ಆ ದಿನಗಳಲ್ಲೇ ಪರಿಶೀಲಿಸಿತು. 1993-94ರ ಸಾಲಿನಲ್ಲಿ ಪೆಲ್ ಗ್ರಾಂಟ್ ಪಡೆದ ಕೈದಿಗಳು ಸುಮಾರು 23,000. ಅವರಿಗೆ ಹೋದ ಹಣ ಸುಮಾರು 3.5 ಕೋಟಿ ಡಾಲರ್. ಇಡೀ ಯೋಜನೆಯ ಗಾತ್ರ 500 ಕೋಟಿ ಡಾಲರಿಗೂ ಹೆಚ್ಚು. ನೂರಕ್ಕೆ ಒಂದು ಪಾಲೂ ಇಲ್ಲ. ಅದಕ್ಕಿಂತ ಮುಖ್ಯವಾದ ವಿಷಯ ಆ ಯೋಜನೆಯ ರಚನೆಯಲ್ಲಿದೆ. ಇಷ್ಟೇ ಸೀಟು, ಮೊದಲು ಬಂದವರಿಗೆ ಎನ್ನುವ ಲೆಕ್ಕ ಅಲ್ಲಿರಲಿಲ್ಲ. ಅರ್ಹತೆ ಇದ್ದ ಪ್ರತಿಯೊಬ್ಬನಿಗೂ ಸೂತ್ರದ ಪ್ರಕಾರ ಸಿಗುತ್ತಿತ್ತು. ಕೈದಿಗಳಿಗೆ ಕೊಡದೆ ಹೋಗಿದ್ದರೂ ಹೊರಗಿನ ಒಬ್ಬನೇ ಒಬ್ಬ ವಿದ್ಯಾರ್ಥಿಗೆ ಹೊಸದಾಗಿ ಗ್ರಾಂಟ್ ಸಿಗುತ್ತಿರಲಿಲ್ಲ, ಒಬ್ಬನ ಮೊತ್ತವೂ ಹೆಚ್ಚುತ್ತಿರಲಿಲ್ಲ ಎಂದು ಆ ಕಚೇರಿ ಸ್ಪಷ್ಟವಾಗಿ ಹೇಳಿತು. ಅಂದರೆ ಕೈದಿಯ ತಟ್ಟೆಯಿಂದ ತೆಗೆದ ತುತ್ತು ಯಾವ ಬಡವನ ತಟ್ಟೆಗೂ ಬೀಳಲಿಲ್ಲ. ಪೊಲೀಸ್ ಪೇದೆಯ ಮಗಳಿಗೆ, ಕೂಲಿಯವನ ಮಗನಿಗೆ ಫೀಸು ಕಟ್ಟಲಾಗುತ್ತಿಲ್ಲ ಎಂದರೆ ಅವರ ವಿದ್ಯಾರ್ಥಿವೇತನ ಹೆಚ್ಚಿಸಬೇಕು. ಅದಕ್ಕಾಗಿ ಗಟ್ಟಿಯಾಗಿ ದನಿಯೆತ್ತಬೇಕು. ಆ ಕೆಲಸ ಕಷ್ಟದ್ದು, ದುಬಾರಿ. ಕೈದಿಯ ಓದು ನಿಲ್ಲಿಸುವುದು ಸುಲಭ, ಅಗ್ಗ. ಸುಲಭವಾದದ್ದನ್ನು ಮಾಡಿ ಕಷ್ಟದ್ದನ್ನು ಮಾಡಿದಂತೆ ತೋರಿಸಿದರು ಎನ್ನುವುದೇ ಆ ಕಾಯ್ದೆಯ ಬಗ್ಗೆ ನನಗಿರುವ ತಕರಾರು.

ಹಣ ನಿಂತ ಕೆಲವೇ ವರ್ಷಗಳಲ್ಲಿ ಜೈಲುಗಳಲ್ಲಿದ್ದ ನೂರಾರು ಕಾಲೇಜು ತರಗತಿಗಳು ಮುಚ್ಚಿ, ಬೆರಳೆಣಿಕೆಯಷ್ಟು ಉಳಿದವು. ಉಳಿದವು ದಾನಿಗಳ ಹಣದಿಂದ ಉಸಿರಾಡಿದವು. ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜು 2001ರಿಂದ ಜೈಲಿನೊಳಗೆ ತನ್ನ ಪದವಿ ತರಗತಿಗಳನ್ನು ಹೀಗೆಯೇ ಖಾಸಗಿ ನೆರವಿನಿಂದ ನಡೆಸತೊಡಗಿತು. ಅಲ್ಲಿನ ಒಂದು ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2015ರ ಸೆಪ್ಟೆಂಬರಿನಲ್ಲಿ ಕ್ಯಾಟ್ಸ್‌ಕಿಲ್ ಬೆಟ್ಟಗಳ ತಪ್ಪಲಿನ ಭಾರಿ ಬಂದೋಬಸ್ತಿನ ಜೈಲೊಂದರಲ್ಲಿ ಚರ್ಚಾಸ್ಪರ್ಧೆ ನಡೆಯಿತು. ಒಂದು ಕಡೆ ಅಲ್ಲಿನ ಕೈದಿ ವಿದ್ಯಾರ್ಥಿಗಳು, ಇನ್ನೊಂದು ಕಡೆ ಹಾರ್ವರ್ಡ್ ವಿಶ್ವವಿದ್ಯಾಲಯದ ಚರ್ಚಾ ತಂಡ. ಕೈದಿಗಳಿಗೆ ಇಂಟರ್ನೆಟ್ ಇರಲಿಲ್ಲ. ತಯಾರಿಗೆ ಬೇಕಾದ ಪುಸ್ತಕ, ಲೇಖನ ಪ್ರತಿಯೊಂದಕ್ಕೂ ಜೈಲಿನ ಆಡಳಿತದ ಒಪ್ಪಿಗೆ ಬೇಕಿತ್ತು, ಆ ಒಪ್ಪಿಗೆ ಬರಲು ವಾರಗಳು ಹಿಡಿಯುತ್ತಿದ್ದವು. ದಾಖಲೆಗಳಿಲ್ಲದೆ ದೇಶಕ್ಕೆ ಬಂದವರ ಮಕ್ಕಳನ್ನು ಸರ್ಕಾರಿ ಶಾಲೆಗಳು ಸೇರಿಸಿಕೊಳ್ಳಲು ನಿರಾಕರಿಸಬಹುದು ಎನ್ನುವ ಪಕ್ಷವನ್ನು ಅವರು ಸಮರ್ಥಿಸಬೇಕಾಗಿ ಬಂತು. ಅವರೇ ಒಪ್ಪದ ಪಕ್ಷ ಅದು. ತಾನು ಒಪ್ಪದ ಮಾತನ್ನು ಎದುರಾಳಿಯ ಜಾಗದಲ್ಲಿ ನಿಂತು ಕಟ್ಟಿ ತೋರಿಸುವುದು ಓದು ಕಲಿಸುವ ವಿದ್ಯೆಗಳಲ್ಲೇ ಕಠಿಣವಾದದ್ದು. ಕೋಪ ಬಂದ ಕ್ಷಣ ಕೈ ಎತ್ತಿ ಜೈಲು ಸೇರಿದವನಿಗೆ ಅದಕ್ಕಿಂತ ಬೇಕಾದ ವಿದ್ಯೆ ಬೇರೆ ಯಾವುದಿದೆ? ತೀರ್ಪುಗಾರರು ಕೈದಿಗಳ ತಂಡವೇ ಗೆದ್ದಿತೆಂದರು. ಅದರ ಹಿಂದಿನ ವರ್ಷ ಇದೇ ತಂಡ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ತಂಡವನ್ನೂ ಸೋಲಿಸಿತ್ತು. ಈ ಗೆಲುವಿನಿಂದ ಎಲ್ಲ ಕೈದಿಗಳೂ ಮೇಧಾವಿಗಳು ಎಂದು ಸಾಬೀತಾಗುವುದಿಲ್ಲ. ಬಾಗಿಲು ಮುಚ್ಚಿದಾಗ ಒಳಗೆ ಏನನ್ನು ಬಿಟ್ಟು ಬೀಗ ಹಾಕುತ್ತಿದ್ದೇವೆ ಎನ್ನುವುದಷ್ಟೇ ಗೊತ್ತಾಗುತ್ತದೆ.

ಒಂದು ಕಥೆಯಿಂದ ನೀತಿಯನ್ನು ನಿರ್ಧರಿಸಲಾಗದು, ಅಂಕಿಅಂಶ ಬೇಕು. 2013ರಲ್ಲಿ ರ‍್ಯಾಂಡ್ ಸಂಶೋಧನಾ ಸಂಸ್ಥೆ ಅದುವರೆಗಿನ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿತು. ಜೈಲಿನಲ್ಲಿ ಓದಿದವರು ಮತ್ತೆ ಅಪರಾಧಕ್ಕೆ ಮರಳುವ ಪ್ರಮಾಣ ಓದದವರಿಗಿಂತ 13 ಶೇಕಡಾಂಶ ಕಡಿಮೆ ಎಂದು ಕಂಡಿತು. ಈ ಓದಿಗೆ ಹಾಕಿದ ಒಂದು ಡಾಲರಿಗೆ ಮೂರು ವರ್ಷಗಳಲ್ಲಿ ಮರುಸೆರೆವಾಸದ ಖರ್ಚಿನಲ್ಲಿ ನಾಲ್ಕರಿಂದ ಐದು ಡಾಲರ್ ಉಳಿಯುತ್ತದೆ ಎಂದೂ ಅಂದಾಜಿಸಿತು. ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಓದಲು ಮುಂದೆ ಬರುವ ಕೈದಿ ಮೊದಲೇ ಬದಲಾಗಲು ಮನಸ್ಸು ಮಾಡಿದವನು, ಅವನು ಓದದಿದ್ದರೂ ಸರಿದಾರಿಗೆ ಬರುತ್ತಿದ್ದನೇನೋ, ಹಾಗಿರುವಾಗ ಪುಣ್ಯವನ್ನೆಲ್ಲ ಓದಿನ ಲೆಕ್ಕಕ್ಕೆ ಬರೆಯುವುದು ಸರಿಯೇ? ಸರಿಯಲ್ಲ. ಅದಕ್ಕಾಗಿಯೇ ಸಂಶೋಧಕರು ಅಧ್ಯಯನಗಳ ಗುಣಮಟ್ಟವನ್ನೂ ಅಳೆದರು. ಓದಿದವರನ್ನು ಸಾಧ್ಯವಾದಷ್ಟು ಅವರಿಗೆ ಹೋಲುವ ಓದದವರ ಜೊತೆ ಹೋಲಿಸಿದ ಕಟ್ಟುನಿಟ್ಟಿನ ಅಧ್ಯಯನಗಳಲ್ಲೂ ಪರಿಣಾಮ ಅಳಿಸಿಹೋಗಲಿಲ್ಲ. ಆ ಸಂಶೋಧಕರಲ್ಲಿ ಕೆಲವರು 2018ರಲ್ಲಿ ಇನ್ನಷ್ಟು ಅಧ್ಯಯನಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಮರು ಅಪರಾಧದ ಸಾಧ್ಯತೆ 28 ಶೇಕಡಾ ಕಡಿಮೆ ಎಂದು ಬಂತು. ಇನ್ನು, ಓದಲು ಬರುವವನು ಬದಲಾಗಲು ಮನಸ್ಸು ಮಾಡಿದವನೇ ಎಂದು ಒಪ್ಪಿಕೊಂಡರೂ, ಅಂಥವನಿಗೆ ಪುಸ್ತಕ ಕೊಡಬೇಡಿ ಎಂಬ ತೀರ್ಮಾನ ಅದರಿಂದ ಹೊರಡುವುದಿಲ್ಲವಲ್ಲ. ಮನಸ್ಸು ಮಾಡಿದವನನ್ನು ಬಿಟ್ಟು ಇನ್ಯಾರ ಕೈಗೆ ಪುಸ್ತಕ ಕೊಡುತ್ತೀರಿ?

ಆ 2018ರ ಲೆಕ್ಕದಲ್ಲಿ ಇನ್ನೊಂದು ಫಲಿತಾಂಶ ಇತ್ತು. ನನ್ನ ವಾದಕ್ಕೆ ಮೊದಲ ನೋಟಕ್ಕೆ ಅನುಕೂಲವಲ್ಲದ ಅದನ್ನು ಮುಚ್ಚಿಡಬಾರದು. ಜೈಲಿನಲ್ಲಿ ಓದಿದವರಿಗೂ ಓದದವರಿಗೂ ಹೊರಗೆ ಬಂದ ಮೇಲೆ ಕೆಲಸ ಸಿಗುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಓದು ವ್ಯರ್ಥವೇ? ನನಗೆ ಕಾಣುವುದು ಹೀಗೆ. ಓದು ಮನುಷ್ಯನನ್ನು ಬದಲಿಸಿತು, ಅವನನ್ನು ನೋಡುವ ಫಾರಂಗಳು ಬದಲಾಗಲಿಲ್ಲ. ಕೆಲಸದ ಅರ್ಜಿಯಲ್ಲಿ 'ಶಿಕ್ಷೆಯಾಗಿದೆಯೇ' ಎಂಬ ಚೌಕ ಹಾಗೆಯೇ ಉಳಿದಿತ್ತು. ಈ ಚೌಕದ ಶಕ್ತಿ ಎಷ್ಟು ಎನ್ನುವುದನ್ನು ನ್ಯೂಯಾರ್ಕ್ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಗಳ ಬಗ್ಗೆ 2015ರಲ್ಲಿ ಬಂದ ಒಂದು ವರದಿ ತೋರಿಸಿತು. ಗಂಭೀರ ಅಪರಾಧದಲ್ಲಿ ತನಗೆ ಶಿಕ್ಷೆಯಾಗಿದೆ ಎಂದು ಚೌಕದಲ್ಲಿ ಗುರುತು ಹಾಕಿದವರಲ್ಲಿ 62.5 ಶೇಕಡಾ ಜನ ಅರ್ಜಿಯನ್ನು ಪೂರ್ತಿ ಮಾಡಲೇ ಇಲ್ಲ. ಎಲ್ಲ ಅರ್ಜಿದಾರರನ್ನು ಸೇರಿಸಿ ನೋಡಿದರೆ ಹಾಗೆ ಅರ್ಧಕ್ಕೆ ಬಿಟ್ಟವರು 21 ಶೇಕಡಾ ಮಾತ್ರ. ಅವರನ್ನು ಯಾರೂ ತಿರಸ್ಕರಿಸಿರಲಿಲ್ಲ. ಗುರುತು ಹಾಕಿದ ಮೇಲೆ ಹೆಚ್ಚಿನ ದಾಖಲೆ ತನ್ನಿ, ಜೈಲಿನ ಅಧಿಕಾರಿಯಿಂದ ಪತ್ರ ತನ್ನಿ, ಸಮಿತಿಯ ಮುಂದೆ ಬನ್ನಿ ಎಂದು ಕೇಳುತ್ತ ಹೋದಾಗ, ಹಳೆಯದನ್ನು ಮತ್ತೆ ಮತ್ತೆ ಬಿಚ್ಚಿಡಲಾರದೆ ಪೆನ್ನು ಕೆಳಗಿಟ್ಟು ಎದ್ದುಹೋದವರು ಅವರು. ಮರುವರ್ಷವೇ ಆ ವಿಶ್ವವಿದ್ಯಾಲಯ ಪ್ರವೇಶದ ಹಂತದಲ್ಲಿ ಆ ಪ್ರಶ್ನೆಯನ್ನು ಕೈಬಿಡಲು ತೀರ್ಮಾನಿಸಿತು.

ಶಿಕ್ಷೆಯ ಭಯದಿಂದಲಾದರೂ ಹುಡುಗರು ಮಾದಕ ವಸ್ತುವಿನಿಂದ ದೂರ ಉಳಿಯಲಿಲ್ಲವೇ ಎಂದು ಕೇಳಬಹುದು. ಫಾರಂನಲ್ಲಿ ಮಾದಕ ವಸ್ತುವಿನ ಆ ಪ್ರಶ್ನೆಯನ್ನು ತಂದು ಧನಸಹಾಯ ಕಿತ್ತುಕೊಂಡ 1998ರ ಕಾನೂನಿನ ಮುಖ್ಯ ಸಮರ್ಥನೆ ಅದೇ ಆಗಿತ್ತು. ಮೈಕೆಲ್ ಲೊವೆನ್‌ಹೈಮ್ ಮತ್ತು ಎಮಿಲಿ ಓವೆನ್ಸ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಭಯ ಕೆಲಸ ಮಾಡಿದ್ದಕ್ಕೆ ಆಧಾರ ಸಿಗಲಿಲ್ಲ. ಸಿಕ್ಕ ಆಧಾರ ಬೇರೆ: ಶಿಕ್ಷೆಯಾದ ಹುಡುಗರು ಪ್ರೌಢಶಾಲೆ ಮುಗಿಸಿದ ಕೂಡಲೇ ಕಾಲೇಜು ಸೇರುವುದು ಗಣನೀಯವಾಗಿ ಕುಸಿದಿತ್ತು. ಹದಿನೆಂಟರ ಹುಡುಗ ಸಂಜೆ ಗೆಳೆಯರ ಜೊತೆ ಸೇರುವಾಗ ವಿದ್ಯಾರ್ಥಿವೇತನದ ನಿಯಮಾವಳಿಯನ್ನು ನೆನೆದು ಹಿಂಜರಿಯುತ್ತಾನೆ ಎಂದು ನಂಬಿದವರು ಹದಿನೆಂಟರ ಹುಡುಗರನ್ನು ನೋಡಿಲ್ಲ. 2006ರಲ್ಲಿ ಅಮೆರಿಕವೇ ಈ ನಿಯಮವನ್ನು ಸಡಿಲಿಸಿ, ಧನಸಹಾಯ ಪಡೆಯುತ್ತಿರುವಾಗ ಮಾಡಿದ ಅಪರಾಧಕ್ಕೆ ಮಾತ್ರ ಅನ್ವಯವಾಗುವಂತೆ ಮಾಡಿತು. 2015ರಲ್ಲಿ ಬರಾಕ್ ಒಬಾಮ ಸರ್ಕಾರ ಕೈದಿಗಳಿಗೆ ಮತ್ತೆ ಪೆಲ್ ಗ್ರಾಂಟ್ ಕೊಟ್ಟು ನೋಡುವ 'ಸೆಕೆಂಡ್ ಚಾನ್ಸ್ ಪೆಲ್' ಎಂಬ ಪ್ರಯೋಗ ಘೋಷಿಸಿತು, ಮರುವರ್ಷ 67 ಕಾಲೇಜುಗಳನ್ನು ಆರಿಸಿತು. ಡೊನಾಲ್ಡ್ ಟ್ರಂಪ್ ಸರ್ಕಾರ ಅದನ್ನು ನಿಲ್ಲಿಸಲಿಲ್ಲ, ವಿಸ್ತರಿಸಿತು. 2020ರ ಡಿಸೆಂಬರಿನಲ್ಲಿ ಟ್ರಂಪ್ ಸಹಿ ಮಾಡಿದ ಕಾನೂನು ಕೈದಿಗಳ ಪೆಲ್ ಗ್ರಾಂಟನ್ನು ಮರಳಿ ಕೊಟ್ಟಿತು, ಮಾದಕ ವಸ್ತುವಿನ ಶಿಕ್ಷೆಗೆ ಧನಸಹಾಯ ಕಿತ್ತುಕೊಳ್ಳುವುದನ್ನೂ ಕೊನೆಗೊಳಿಸಿತು. 2023ರ ಜುಲೈ 1ರಿಂದ ಗ್ರಾಂಟ್ ಮತ್ತೆ ಜಾರಿಗೆ ಬಂತು. ಬೇರೆ ಯಾವುದರಲ್ಲೂ ಕೂಡಿಬಾರದ ಎರಡು ಪಕ್ಷಗಳು ಇದೊಂದರಲ್ಲಿ ಕೂಡಿದವು. ನಡುವೆ ಕಳೆದುಹೋದದ್ದು ಇಪ್ಪತ್ತೆಂಟು ವರ್ಷಕ್ಕೂ ಹೆಚ್ಚು. ಇಪ್ಪತ್ತರ ಪ್ರಾಯದಲ್ಲಿ ಒಳಗೆ ಹೋದವನಿಗೆ ಅಷ್ಟು ಹೊತ್ತಿಗೆ ಐವತ್ತು ಹತ್ತಿರವಾಗಿರುತ್ತದೆ.

ನಮ್ಮ ದೇಶದ ಕಡೆ ತಿರುಗಿದರೆ ಆರಂಭ ನಿಜಕ್ಕೂ ಹೆಮ್ಮೆಪಡುವಂಥದ್ದು. ಅಮೆರಿಕ ತನ್ನ ಕೈದಿಗಳ ಓದಿನ ಹಣ ನಿಲ್ಲಿಸಿದ ಅದೇ 1994ರಲ್ಲಿ ದೆಹಲಿಯ ತಿಹಾರ್ ಜೈಲಿನೊಳಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರ ತೆರೆಯಿತು. ನಂತರ ಆ ವಿಶ್ವವಿದ್ಯಾಲಯ ದೇಶದ ಅನೇಕ ಜೈಲುಗಳಲ್ಲಿ ವಿಶೇಷ ಕೇಂದ್ರಗಳನ್ನು ತೆರೆದು ಬಂದಿಗಳ ಶುಲ್ಕವನ್ನೇ ಮನ್ನಾ ಮಾಡಿತು. ಅದಕ್ಕೂ ಮೊದಲು, 1965ರಷ್ಟು ಹಿಂದೆಯೇ, ನಮ್ಮ ಸುಪ್ರೀಂ ಕೋರ್ಟ್ ಒಂದು ಚೆಂದದ ತೀರ್ಪು ಕೊಟ್ಟಿದೆ. ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಬಂಧನದಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಜ್‌ಗಿರಿ ಜೈಲಿನಲ್ಲೇ ಕುಳಿತು ಪರಮಾಣುವಿನ ಒಳಗಿನ ಲೋಕದ ಬಗ್ಗೆ ಮರಾಠಿಯಲ್ಲಿ ಒಂದು ವಿಜ್ಞಾನ ಪುಸ್ತಕ ಬರೆದರು. ಹಸ್ತಪ್ರತಿಯನ್ನು ಪ್ರಕಟಣೆಗಾಗಿ ಹೊರಗೆ ಕಳಿಸಲು ಸರ್ಕಾರ ಬಿಡಲಿಲ್ಲ. ಬಿಡಲೇಬೇಕು ಎಂದಿತು ನ್ಯಾಯಾಲಯ. ಬಂಧನದ ಆದೇಶ ಯಾವುದನ್ನು ನಿರ್ಬಂಧಿಸಿದೆಯೋ ಅಷ್ಟನ್ನು ಮಾತ್ರ ಕಿತ್ತುಕೊಳ್ಳಬಹುದು, ಉಳಿದದ್ದು ಅವನದೇ ಎನ್ನುವುದು ಆ ತೀರ್ಪಿನ ತಿರುಳು. ನಮ್ಮ ರಾಜ್ಯದಲ್ಲಿ ಬಂದೀಖಾನೆ ಇಲಾಖೆಯ ಹೆಸರೇ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ. ಮೈಸೂರಿನ ರಂಗಕರ್ಮಿ ಹುಲುಗಪ್ಪ ಕಟ್ಟಿಮನಿ ಬಂದಿಗಳನ್ನು ಕೂಡಿಸಿಕೊಂಡು ನಾಟಕ ಕಟ್ಟಿ, ಅವರನ್ನು ಜೈಲಿನ ಹೊರಗಿನ ರಂಗಮಂದಿರಗಳಿಗೂ ಕರೆತಂದದ್ದನ್ನು ಕನ್ನಡದ ಪ್ರೇಕ್ಷಕರು ಕಣ್ಣಾರೆ ಕಂಡಿದ್ದಾರೆ.

ಆದರೂ ಅಂಕಿಗಳನ್ನು ನೋಡಿದರೆ ಹೆಮ್ಮೆ ಕರಗುತ್ತದೆ. 2022ರ ಕೊನೆಗೆ ಭಾರತದ ಜೈಲುಗಳಲ್ಲಿ ಇದ್ದವರು 5,73,220 ಜನ. ಇದ್ದ ಜಾಗ 4,36,266 ಜನರಿಗೆ. ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಪ್ರತಿ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಒಟ್ಟು ಬಂದಿಗಳಲ್ಲಿ ಸುಮಾರು ಮೂರನೇ ಎರಡು ಪಾಲು ಹತ್ತನೇ ತರಗತಿಯವರೆಗೂ ಓದಿದವರಲ್ಲ, ಅವರಲ್ಲಿ ಅನೇಕರಿಗೆ ಅಕ್ಷರವೇ ಬಾರದು. ಇವರಿಗೆ ಡಿಗ್ರಿಯ ಶುಲ್ಕ ಮನ್ನಾ ಆದರಷ್ಟೇ ಸಾಲದು. ವಾಯಿದೆಗೆ ಕೋರ್ಟಿಗೆ ಕರೆದೊಯ್ದ ದಿನವೇ ಪರೀಕ್ಷೆ ಇದ್ದರೆ, ನಡುವರ್ಷದಲ್ಲಿ ಇನ್ನೊಂದು ಜೈಲಿಗೆ ವರ್ಗವಾದರೆ, ಜಾಮೀನು ಸಿಕ್ಕಿ ಊರಿಗೆ ಹೋದರೆ ಓದು ಅಲ್ಲಿಗೇ ತುಂಡಾಗುತ್ತದೆ. ಕೂತು ಓದಲು ಒಂದು ಮೂಲೆ, ರಾತ್ರಿ ಒಂದು ದೀಪ, ಕಲಿಸಲು ಒಬ್ಬ ಮೇಷ್ಟ್ರು ಬೇಕು. ಜನ ಕಿಕ್ಕಿರಿದ ಬ್ಯಾರಕ್ಕಿನಲ್ಲಿ ಇವು ತಾವಾಗಿ ಬರುವುದಿಲ್ಲ, ಹಣ ಬೇಡುತ್ತವೆ. ಜೈಲಿನ ಬಜೆಟ್ಟಿನಲ್ಲಿ ಮೇಷ್ಟ್ರ ಸಂಬಳ, ಪುಸ್ತಕದ ಖರ್ಚು ಎಲ್ಲಕ್ಕಿಂತ ಮೊದಲು ಕತ್ತರಿಗೆ ಸಿಗುವ ಬಾಬತ್ತುಗಳಾಗಬಾರದು.

ಗೇಟಿನ ಹೊರಗಿನ ಕಥೆ ಬೇರೆ. ನಮ್ಮಲ್ಲಿ ಕೆಲಸಕ್ಕೆ ಸೇರಬೇಕೆಂದರೆ 'ನಿಮ್ಮ ಮೇಲೆ ಕೇಸು ಇತ್ತೇ, ಶಿಕ್ಷೆಯಾಗಿದೆಯೇ' ಎಂಬ ಕಾಲಂ ಇರುತ್ತದೆ, ಆಮೇಲೆ ಪೊಲೀಸ್ ವೆರಿಫಿಕೇಶನ್ ಇರುತ್ತದೆ. ಈ ವಿಷಯದಲ್ಲಿ ನಮ್ಮ ಕಾನೂನು ನಮ್ಮ ರೂಢಿಗಿಂತ ಎಷ್ಟೋ ಉದಾರವಾಗಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಂ ಹೇಳುವಂತೆ, ಆ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಅಥವಾ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟವನಿಗೆ ಶಿಕ್ಷೆಯ ಕಾರಣದಿಂದ ಅಂಟುವ ಅನರ್ಹತೆ ಅಂಟುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ, ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಪಟ್ಟವರನ್ನು ಬಿಟ್ಟರೆ, ಕಾನೂನಿನ ಸಂಘರ್ಷಕ್ಕೆ ಸಿಕ್ಕ ಮಕ್ಕಳಿಗೆ ಯಾವ ಅನರ್ಹತೆಯೂ ತಗಲಬಾರದು, ಆ ದಾಖಲೆಗಳನ್ನು ಗೊತ್ತಾದ ಅವಧಿಯ ನಂತರ ನಾಶ ಮಾಡಬೇಕು ಎನ್ನುತ್ತದೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಅರ್ಜಿದಾರ ನಿಜ ಹೇಳಬೇಕು ಎಂದಿತು. ಅದರ ಜೊತೆಗೇ, ಎಳೆಯ ವಯಸ್ಸಿನ ಸಣ್ಣ ತಪ್ಪನ್ನು ಮಾಲೀಕ ತನ್ನ ವಿವೇಚನೆ ಬಳಸಿ ಮನ್ನಿಸಬಹುದು, ಹುದ್ದೆಯ ಸ್ವರೂಪ ನೋಡಿ ತೀರ್ಮಾನಿಸಬೇಕು ಎಂದೂ ಹೇಳಿತು. ವಿವೇಚನೆ ಎನ್ನುವ ಈ ಪದವೇ ರೂಢಿಯಲ್ಲಿ ಮಾಯವಾಗುತ್ತದೆ. ಕಾಲಂನಲ್ಲಿ 'ಹೌದು' ಎಂದು ಕಂಡರೆ ಕಡತ ಪಕ್ಕಕ್ಕೆ ಹೋಗುತ್ತದೆ. ಗುಮಾಸ್ತನಿಗೆ ದ್ವೇಷವಿರುವುದಿಲ್ಲ, ಅವನಿಗೆ ಅಪಾಯ ಬೇಡ, ಅಷ್ಟೆ. ಹೀಗೆ ಜೈಲಿನಲ್ಲಿ ಸರ್ಕಾರದ ಖರ್ಚಿನಲ್ಲೇ ಬಿ.ಎ. ಮಾಡಿದವನಿಗೆ ಹೊರಗೆ ಅದೇ ಸರ್ಕಾರದ ಫಾರಂ ಅಡ್ಡ ನಿಲ್ಲುತ್ತದೆ.

ಅಪರಾಧಕ್ಕೆ ಬಲಿಯಾದವರ ಮಾತನ್ನು ಇಲ್ಲಿ ಬಿಟ್ಟುಬಿಟ್ಟರೆ ನನ್ನ ವಾದ ಅನ್ಯಾಯದ್ದಾಗುತ್ತದೆ. ಮಗನನ್ನು ಕಳೆದುಕೊಂಡ ತಾಯಿಗೆ, ಕೊಂದವನು ಪದವೀಧರನಾದ ಸುದ್ದಿ ಗಾಯದ ಮೇಲೆ ಬರೆ ಎಳೆದಂತೆ ಅನ್ನಿಸಿದರೆ ಅದನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ತಾಯಿಗೆ ಸಲ್ಲಬೇಕಾದದ್ದು ಪರಿಹಾರ, ಬೇಗ ಮುಗಿಯುವ ವಿಚಾರಣೆ, ರಕ್ಷಣೆ. ಕೊಂದವನು ಅನಕ್ಷರಸ್ಥನಾಗಿ ಉಳಿಯುವುದರಿಂದ ಇವುಗಳಲ್ಲಿ ಒಂದೂ ಆಕೆಗೆ ಸಿಗುವುದಿಲ್ಲ. 1998ರಲ್ಲಿ ಸುಪ್ರೀಂ ಕೋರ್ಟ್ ದುಡಿಯುವ ಕೈದಿಗಳಿಗೆ ನ್ಯಾಯವಾದ ಕೂಲಿ ಕೊಡಬೇಕು ಎಂದಾಗ, ಆ ಕೂಲಿಯ ಒಂದು ಪಾಲನ್ನು ಬಲಿಪಶುಗಳ ಪರಿಹಾರಕ್ಕೆ ತೆಗೆದಿಡುವ ಕಾನೂನು ಮಾಡಿ ಎಂದೂ ರಾಜ್ಯಗಳಿಗೆ ಸೂಚಿಸಿತು. ಕಸುಬು ಕಲಿತು ಸಂಪಾದಿಸುವವನಿಂದ ಮಾತ್ರ ಅಂಥ ಪಾಲು ಬರಲು ಸಾಧ್ಯ. ಎಲ್ಲ ಹುದ್ದೆಗೂ ಎಲ್ಲರೂ ಅರ್ಹರು ಎಂದೂ ನಾನು ಹೇಳುತ್ತಿಲ್ಲ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವನನ್ನು ಶಾಲೆಯ ಕೆಲಸದಿಂದ ದೂರ ಇಡಲೇಬೇಕು, ವಂಚನೆ ಮಾಡಿದವನ ಕೈಗೆ ಖಜಾನೆಯ ಬೀಗದ ಕೈ ಕೊಡಬಾರದು. ಅಪರಾಧಕ್ಕೂ ಹುದ್ದೆಗೂ ನೇರ ಸಂಬಂಧ ಇದ್ದಾಗ ತಡೆ ನ್ಯಾಯವೇ. ಹೊಡೆದಾಟದ ಕೇಸಿನಲ್ಲಿ ಆರು ತಿಂಗಳು ಒಳಗಿದ್ದು ಬಂದವನಿಗೆ ಗ್ರಂಥಪಾಲಕನ ಕೋರ್ಸಿನ ಸೀಟು, ಅದರ ವಿದ್ಯಾರ್ಥಿವೇತನ ನಿರಾಕರಿಸುವುದಕ್ಕೆ ಅಂಥ ಯಾವ ಸಂಬಂಧ ಇದೆ?

ಆದ್ದರಿಂದ ಕೇಳಬೇಕಾದದ್ದು ದೊಡ್ಡ ಪಟ್ಟಿಯಲ್ಲ. ಜೈಲಿನಲ್ಲಿ ಹೆಸರು ನೋಂದಾಯಿಸಿದ ವಿದ್ಯಾರ್ಥಿಯ ಶುಲ್ಕ ಮನ್ನಾ, ಅವನು ಬಿಡುಗಡೆಯಾದರೂ ವರ್ಗವಾದರೂ, ಆ ಕೋರ್ಸು ಮುಗಿಯುವ ತನಕ ಅವನ ಹಿಂದೆಯೇ ಹೋಗಬೇಕು. ವಿಚಾರಣಾಧೀನನ ಪರೀಕ್ಷೆಯ ದಿನಾಂಕ ನ್ಯಾಯಾಲಯಕ್ಕೆ ಮೊದಲೇ ತಿಳಿಯಬೇಕು. ವಿದ್ಯಾರ್ಥಿವೇತನದ ಅರ್ಹತೆಯನ್ನು ಬಡತನ ಮತ್ತು ಅಂಕಗಳು ನಿರ್ಧರಿಸಬೇಕು, ಪೊಲೀಸ್ ಠಾಣೆಯ ಕಡತ ನಿರ್ಧರಿಸಬಾರದು. ಇನ್ನು ಈ ಮಾತನ್ನು ಕೇಳುತ್ತಿರುವ ನಿಮ್ಮಲ್ಲಿ ಕಾಲೇಜಿನ ಪ್ರಾಂಶುಪಾಲರಿರಬಹುದು, ದತ್ತಿನಿಧಿಯ ವಿದ್ಯಾರ್ಥಿವೇತನ ನೋಡಿಕೊಳ್ಳುವ ಸಂಘದ ಕಾರ್ಯದರ್ಶಿಗಳಿರಬಹುದು, ನಾಲ್ಕು ಜನಕ್ಕೆ ಕೆಲಸ ಕೊಡುವ ಅಂಗಡಿ, ವರ್ಕ್‌ಶಾಪಿನ ಯಜಮಾನರಿರಬಹುದು. ನಾಳೆ ಕಚೇರಿಗೆ ಹೋದಾಗ ನಿಮ್ಮ ಅರ್ಜಿ ಫಾರಂ ಒಮ್ಮೆ ತೆಗೆದು ನೋಡಿ. ಅದರಲ್ಲಿ ಹಳೆಯ ಶಿಕ್ಷೆಯನ್ನು ಕೇಳುವ ಕಾಲಂ ಇದ್ದರೆ, ಅದನ್ನು ಕೇಳಲು ಯಾವ ಕಾನೂನು ಹೇಳಿದೆ ಎಂದು ವಿಚಾರಿಸಿ. ಯಾವ ಕಾನೂನೂ ಹೇಳಿಲ್ಲ ಎಂದಾದರೆ ಮುಂದಿನ ಸಲ ಫಾರಂ ಅಚ್ಚು ಹಾಕಿಸುವಾಗ ಆ ಸಾಲನ್ನು ತೆಗೆಸಿಬಿಡಿ.